ಹಲ್ಮಿಡಿಯ ಪಾರ್ಶ್ವಪಂಕ್ತಿ

ಹಾಸನ ಜಿಲ್ಲೆಯ ಹಲ್ಮಿಡಿಯಲ್ಲಿ ದೊರೆತು, 1936ರಲ್ಲಿ ಎಂ. ಎಚ್. ಕೃಷ್ಣ ಅವರಿಂದ ವಿದ್ವಲ್ಲೋಕಕ್ಕೆ ಪರಿಚಿತವಾದ, ಸುಮಾರು ಕ್ರಿ.ಶ. 450ರದೆಂದು ಬಹುಮಂದಿ ಪಂಡಿತರು ಎಣಿಸುವ ಶಿಲಾಶಾಸನದಲ್ಲಿ ಹದಿನೈದು ಪಂಕ್ತಿಗಳು ಮುಂಬದಿಯಲ್ಲಿ ಒಂದರ ಕೆಳಗೊಂದರಂತೆ ಹರಿದಿದ್ದರೆ, ಹದಿನಾರನೆಯದು ಮಾತ್ರ ಆ ಪ್ರವಾಹವನ್ನು ತೊರೆದು ಕಂಬದ ಎಡಪಾರ್ಶ್ವದಲ್ಲಿ ನೆಲೆಗೊಂಡಿದೆ. ಕಲ್ಲಿಗಾದರೋ ಬೇರೊಂದು ಮೈಯಿತ್ತು. ಗಣಕದ ಜಾಲಪುಟಕ್ಕೆ ಅದಿಲ್ಲ. ಅಲ್ಲಿ ಸಾಮಾನ್ಯವಾಗಿ ಪ್ರತಿ ಪದದ ಸ್ಥಾನವನ್ನು ಅದರ ಹಿಂದಿನ ಪದವೇ ನಿರ್ಣಯಿಸುತ್ತದೆ. ಆದರೆ ಪುಟದ ಯಾವುದಾದರೂ ಭಾಗಕ್ಕೆ, ಜಾಲಪುಟದ ವಿನ್ಯಾಸವನ್ನು ನಿರ್ದೇಶಿಸುವ 1998ರ ಸಿಎಸ್‌ಎಸ್ 2 ನಿಯಮಾವಳಿಯ ‘ಅಬ್ಸಲ್ಯೂಟ್’ ಎಂಬ ಆದೇಶವಿತ್ತೊಡನೆ, ಆ ಭಾಗವು ತನ್ನನ್ನೊಳಗೊಂಡ ಚೌಕಟ್ಟಿನ ಅಂಚುಗಳಿಂದ ಅಳೆದ ದೂರದಲ್ಲಿ ಸ್ಥಿರವಾಗುತ್ತದೆ. ಉಳಿದ ಬರಹವು ಅದು ಇಲ್ಲವೇ ಇಲ್ಲವೆಂಬಂತೆ ತೆರವಾದ ಜಾಗವನ್ನು ತುಂಬಿಬಿಡುವುದರಿಂದ, ಅಕ್ಷರದ ಮೇಲೆ ಅಕ್ಷರ ಬೀಳಬಹುದು; ಆಗ ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನೂ ವಿನ್ಯಾಸಕನೇ ವಿಧಿಸಬೇಕಾಗಬಹುದು.