ಕಾಗದದ ಮೇಲಿನ ಕರಡಿ

ಕೂಡ್ಲಿಗಿಯಿಂದ ಗುಡೇಕೋಟೆಯ ಕಡೆಗೆ ಹೋಗುವ ದಾರಿಯಲ್ಲಿ, ಬಂಡೆಗಳ ನೆರಳು ನೀಳವಾಗಿ, ಬೆಳಕು ಕೆಂಪೇರಿ, ಹಗಲು ಇನ್ನೇನು ಮುಗಿಯಲಿದೆ ಎನ್ನುವ ಹೊತ್ತಿಗೆ, ಒಂದು ತಾಯಿಕರಡಿ ತನ್ನ ಮರಿಯನ್ನು ಬೆನ್ನಮೇಲೆ ಹೊತ್ತು ಬಂಡೆಯ ಸಂದಿನಿಂದ ಹೊರಬಂದುದನ್ನು ಕಂಡದ್ದೂ, ಕಂಡೊಡನೆ ಅದರ ಚಿತ್ರವನ್ನು ಕ್ಯಾಮೆರಾದಲ್ಲಿ ಹಿಡಿದದ್ದೂ ನನ್ನ ಜೀವಮಾನದ ಭಾಗ್ಯಗಳಲ್ಲಿ ಒಂದೆಂದು ಎಣಿಸಿದ್ದೇನೆ. ಗಣಕದ ಪರದೆಯಲ್ಲಿ ಆ ಚಿತ್ರವನ್ನು ನೋಡಿದರೆ ತಾಯಿಯ ಜೂಲಿನ ಎಳೆ ಎಳೆಯೂ, ಅದನ್ನು ಅವುಚಿ ಹಿಡಿದ ಮರಿಯ ಉಗುರುಗಳೂ ಬೇರೆಬೇರೆಯಾಗಿ ಕಾಣುತ್ತಿದ್ದವು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕುಗಳಲ್ಲಿ ಹಲವು ವರ್ಷ ತೆಗೆದ ಚಿತ್ರಗಳನ್ನು ಒಟ್ಟುಗೂಡಿಸಿ, ಯಾವ ಪ್ರಕಾಶಕರನ್ನೂ ಆಶ್ರಯಿಸದೆ, ನನ್ನ ಖರ್ಚಿನಲ್ಲಿಯೇ 25 ಪ್ರತಿಗಳ ಒಂದು ಪುಸ್ತಕವನ್ನು ಅಚ್ಚುಹಾಕಿಸಲು ದೂರದ ನಗರದ ಒಂದು ಮುದ್ರಣಾಲಯಕ್ಕೆ ಕಳುಹಿಸಿದೆನು. ಬಂದ ಮೊದಲ ಪ್ರತಿಯಲ್ಲಿ ನನ್ನ ಕರಡಿ ಮಡಿಸಿಟ್ಟ ಕರಿಕಂಬಳಿಯಂತಿದ್ದಿತು. ಬೆನ್ನಮೇಲೆ ಮರಿಯಿದೆ ಎಂದು ಪಕ್ಕದಲ್ಲಿ ನಿಂತು ಹೇಳಿದ ಹೊರತು ಯಾರಿಗೂ ತಿಳಿಯುವಂತಿರಲಿಲ್ಲ.

ಈ ಖೇದ ನನ್ನೊಬ್ಬನದೇ ಅಲ್ಲವೆಂಬುದು ಕೆಲವು ದಿನಗಳ ತರುವಾಯ ಕೊಟ್ಟೂರಿನ ಒಂದು ಸ್ಟುಡಿಯೋದಲ್ಲಿ ಕುಳಿತಿದ್ದಾಗ ತಿಳಿಯಿತು. ಮಗಳ ಮದುವೆಯ ಆಲ್ಬಮನ್ನು ಒಯ್ಯಲು ಬಂದಿದ್ದ ತಾಯಿಯೊಬ್ಬರು ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಆಲ್ಬಮಿನ ಪುಟ ಹಿಡಿದು, "ಫೋನಿನಾಗ ಸೀರಿ ಹೆಂಗ ಮಿಂಚತೈತಿ ನೋಡ್ರಿ, ಇದರಾಗ ಯಾಕ ಹಿಂಗ ಮಂಕಾಗೇತಿ?" ಎಂದು ಕೇಳಿದರು. "ಲ್ಯಾಬಿನ್ಯಾಗ ಹಂಗ ಬಂದೈತ್ರಿ ಅಕ್ಕಾರ" ಎಂಬುದರ ಆಚೆಗೆ ಸ್ಟುಡಿಯೋದವರಲ್ಲಿ ಉತ್ತರವಿರಲಿಲ್ಲ. ಅಕ್ಕನವರ ಪ್ರಶ್ನೆ ಸಾಧುವಾದುದು. ಅದಕ್ಕೆ ಉತ್ತರವೂ ಉಂಟು. ಅದನ್ನು ಯಾರೂ ಅವರಿಗೆ ಹೇಳದೆ ಹೋದುದೇ ನನಗೆ ಅನ್ಯಾಯವೆಂದು ತೋರಿತು.

ಫೋನಿನ ಪರದೆಯು ದೀಪ, ಕಾಗದವು ದೀಪವಲ್ಲ. ಪರದೆಯು ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳನ್ನು ತಾನೇ ಉಗುಳಿ, ಅವುಗಳನ್ನು ಕೂಡಿಸುತ್ತ ಬಣ್ಣಗಳನ್ನು ಕಟ್ಟುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲದುದರಿಂದ, ಕಿಟಕಿಯಿಂದಲೋ ಬಲ್ಬಿನಿಂದಲೋ ಬಂದು ಬಿದ್ದ ಬೆಳಕಿನಲ್ಲಿ ಒಂದಂಶವನ್ನು ಮಸಿಯು ನುಂಗಿ, ಉಳಿದುದನ್ನು ಹಿಂದಿರುಗಿಸುವುದರಿಂದಲೇ ಅಲ್ಲಿ ಬಣ್ಣ ಹುಟ್ಟಬೇಕು. ಪರದೆಯ ಬಣ್ಣ ಸಂಕಲನದಿಂದಾದದ್ದು, ಕಾಗದದ ಬಣ್ಣ ವ್ಯವಕಲನದಿಂದಾದದ್ದು. ಒಳ್ಳೆಯ ಬಿಳಿಯ ಕಾಗದವು ತನ್ನ ಮೇಲೆ ಬಿದ್ದ ಬೆಳಕಿನ ನೂರರಲ್ಲಿ 85ರಿಂದ 90 ಭಾಗವನ್ನು ಹಿಂದಕ್ಕೆ ಕೊಟ್ಟರೆ, ಅದರ ಮೇಲಿನ ಅತ್ಯಂತ ಗಾಢವಾದ ಕಪ್ಪು ಒಂದೆರಡು ಭಾಗವನ್ನಾದರೂ ಕೊಟ್ಟೇ ಕೊಡುತ್ತದೆ. ಎಂದರೆ ಬಿಳುಪಿಗೂ ಕಪ್ಪಿಗೂ ನಡುವಣ ಅಂತರವು ನೂರು ಮಡಿಯನ್ನು ಮುಟ್ಟುವುದೇ ಕಷ್ಟ. ಫೋನಿನ ಪರದೆಯಲ್ಲಿ ಈ ಅಂತರವು ಸಾವಿರ ಮಡಿಗೂ ಮಿಗಿಲು. ಸಾವಿರ ಮೆಟ್ಟಿಲಿನ ಬೆಟ್ಟವನ್ನು ನೂರು ಮೆಟ್ಟಿಲುಗಳಲ್ಲಿ ಇಳಿಸಬೇಕಾದ ಯಂತ್ರವು ಎಲ್ಲಿಯೋ ಕೆಲವು ಮೆಟ್ಟಿಲುಗಳನ್ನು ಒಂದರೊಳಗೊಂದು ಸೇರಿಸಲೇಬೇಕಾಗುತ್ತದೆ. ಕರಡಿಯ ಕೂದಲುಗಳು ಇದ್ದದ್ದು ಅಂಥ ಕೆಳಗಣ ಮೆಟ್ಟಿಲುಗಳಲ್ಲಿಯೇ.

ಆ ಯಂತ್ರವನ್ನು ಕಣ್ಣಾರೆ ಕಾಣಬೇಕೆಂದು ಮುದ್ರಣಾಲಯಕ್ಕೇ ಹೋದೆನು. ಆಫ್‌ಸೆಟ್ಟಿನಲ್ಲಿ ಪ್ರತಿಯೊಂದು ಬಣ್ಣಕ್ಕೂ ಒಂದೊಂದು ಪ್ಲೇಟು ಮಾಡಬೇಕಾದುದರಿಂದ ನೂರಾರು ಪ್ರತಿಗಳಿಲ್ಲದೆ ಖರ್ಚು ಹುಟ್ಟದು. ನನ್ನಂಥವನ 25 ಪ್ರತಿಗಳಿಗೆ ಪ್ಲೇಟೇ ಇಲ್ಲದ ಡಿಜಿಟಲ್ ಮುದ್ರಣವೇ ಗತಿ. ಅದರ ಮೂಲತತ್ತ್ವವನ್ನು ನ್ಯೂಯಾರ್ಕಿನ ಅಸ್ಟೋರಿಯಾ ಎಂಬಲ್ಲಿ 1938ರ ಅಕ್ಟೋಬರ್ 22ರಂದು ಚೆಸ್ಟರ್ ಕಾರ್ಲ್‌ಸನ್ನನು ಪ್ರಯೋಗದಿಂದ ತೋರಿಸಿದನು: ಗಂಧಕ ಲೇಪಿಸಿದ ಸತುವಿನ ತಗಡನ್ನು ಕರವಸ್ತ್ರದಿಂದ ಉಜ್ಜಿ ವಿದ್ಯುದಾವೇಶ ಕೊಟ್ಟು, ಅಕ್ಷರ ಬರೆದ ಗಾಜಿನ ಮೂಲಕ ಬೆಳಕು ಬಿಟ್ಟು, ಮೇಲೆ ನುಣುಪಾದ ಪುಡಿಯನ್ನು ಉದುರಿಸಿ ಊದಿದಾಗ, ಬೆಳಕು ಬೀಳದೆ ಆವೇಶ ಉಳಿದಿದ್ದ ಅಕ್ಷರಗಳಲ್ಲಿ ಮಾತ್ರ ಪುಡಿ ಅಂಟಿ ನಿಂತಿತು. ಇಂದಿನ ಯಂತ್ರದಲ್ಲಿ ತಗಡಿನ ಬದಲು ಉರುಳೆಗಳು, ಕರವಸ್ತ್ರದ ಬದಲು ವಿದ್ಯುತ್ತು, ಸಾಮಾನ್ಯ ಬೆಳಕಿನ ಬದಲು ಲೇಸರ್ ಕಿರಣ. ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಟೋನರುಗಳಿಗೆ ನಾಲ್ಕು ಉರುಳೆಗಳು. ಅವು ಒಂದು ಪಟ್ಟಿಯ ಮೇಲೆ ತಮ್ಮ ತಮ್ಮ ಪುಡಿಯನ್ನು ಒಂದರ ಮೇಲೊಂದಾಗಿ ಇಟ್ಟು, ಪಟ್ಟಿಯು ಅದನ್ನು ಕಾಗದಕ್ಕೆ ದಾಟಿಸಿ, ಕೊನೆಗೆ ಬಿಸಿ ಉರುಳೆಯು ಅದನ್ನು ಕರಗಿಸಿ ಕಾಗದಕ್ಕೆ ಒತ್ತಿಬಿಡುತ್ತದೆ. ಪುಡಿಯ ಕಣವೊಂದರ ಅಗಲ ಒಂದು ಮಿಲಿಮೀಟರಿನ ಸಾವಿರದಲ್ಲಿ ಆರೇಳು ಭಾಗ. ನಮ್ಮ ತಲೆಗೂದಲಿನ ಅಡ್ಡಳತೆಯಲ್ಲಿ ಅಂಥ ಹತ್ತು ಕಣಗಳು ಸಾಲುನಿಲ್ಲಬಲ್ಲವು. ಇಷ್ಟು ಸೂಕ್ಷ್ಮವಾದ ಕೆಲಸವನ್ನು ಕ್ಷಣಮಾತ್ರದಲ್ಲಿ ಮಾಡಿ ಮುಗಿಸುವ ಆ ಯಂತ್ರದ ಮುಂದೆ ನಿಂತಾಗ, ಬೈಯಲೆಂದು ಹೋದ ನನ್ನ ಮನಸ್ಸಿನಲ್ಲಿ ಗೌರವವಲ್ಲದೆ ಬೇರೇನೂ ಉಳಿಯಲಿಲ್ಲ.

ಹಾಗಾದರೆ ಮರಿ ಎಲ್ಲಿ ಕಳೆದುಹೋಯಿತು? ಮುದ್ರಣದಲ್ಲಿ ತಿಳಿಬಣ್ಣ, ಗಾಢಬಣ್ಣ ಎಂಬುವು ನಿಜವಾಗಿ ಇಲ್ಲ; ಇರುವುವು ಕಿರಿಯ ಚುಕ್ಕೆಗಳು, ಹಿರಿಯ ಚುಕ್ಕೆಗಳು, ಅವುಗಳ ನಡುವಣ ಬಿಳಿಯ ಕಾಗದ. ಚುಕ್ಕೆಯು ಕಾಗದಕ್ಕೆ ಒತ್ತಲ್ಪಟ್ಟಾಗ ಅಂಚುಗಳಲ್ಲಿ ತುಸು ಹರಡುತ್ತದೆ. ಅದರ ಸುತ್ತ ಕಾಗದದ ಒಳಹೊಕ್ಕ ಬೆಳಕೂ ಮಸಿಯ ಅಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಆದುದರಿಂದ ನೂರರಲ್ಲಿ 50 ಭಾಗ ಮುಚ್ಚಬೇಕೆಂದು ಕಳುಹಿಸಿದ ಚುಕ್ಕೆಗಳು ಕಣ್ಣಿಗೆ 60ಕ್ಕೂ ಮಿಕ್ಕು ಮುಚ್ಚಿದಂತೆ ಕಾಣುವುವು. 90 ಎಂದು ಕಳುಹಿಸಿದಲ್ಲಿ ಚುಕ್ಕೆಗಳ ನಡುವಣ ಬಿಳಿಯೆಲ್ಲ ತುಂಬಿ ಕಪ್ಪು ಹಲಗೆಯೇ ಆಗಿಬಿಡುವುದು. ಕರಡಿಯ ಜೂಲೆಂದರೆ ಕಪ್ಪಿನ ಮೇಲೆ ಕಪ್ಪು. ಎಳೆಗೂ ಎಳೆಗೂ ನಡುವೆ ಇರುವುದು ನೂರರಲ್ಲಿ ಎರಡು ಮೂರು ಭಾಗದ ವ್ಯತ್ಯಾಸ. ಅದರ ಎದೆಯ ಮೇಲಣ ಬಿಳಿಯ ಗುರುತು ಒಂದು ಉಳಿದು, ಮಿಕ್ಕುದೆಲ್ಲ ಕತ್ತಲೆಯಾಯಿತು. ಇದಕ್ಕೆ ಪರಿಹಾರವು ಯಂತ್ರದಲ್ಲಿಲ್ಲ, ಚಿತ್ರವನ್ನು ಸಿದ್ಧಮಾಡುವವರಲ್ಲಿದೆ: ಯಂತ್ರಕ್ಕೆ ಕೊಡುವ ಮುನ್ನವೇ ನೆರಳಿನ ಭಾಗಗಳನ್ನು ಬೇಕೆಂದೇ ತಿಳಿಗೊಳಿಸಿ, ಪರದೆಯ ಮೇಲೆ ಅವು ತುಸು ಮಾಸಿದಂತೆ ಕಂಡರೂ ಅಂಜದಿರಬೇಕು. ನಾನು ಮಾಡಿದುದು ಇದಕ್ಕೆ ವಿರುದ್ಧವಾಗಿ. ಕತ್ತಲ ಕೋಣೆಯಲ್ಲಿ ಪರದೆಯನ್ನು ಪೂರ್ತಿ ಉಜ್ವಲವಾಗಿಟ್ಟು, ಆ ಬೆಳಕಿನಲ್ಲಿ ಕರಡಿಯ ಕಪ್ಪು ಸಾಲದೆಂದು ಇನ್ನಷ್ಟು ಕಪ್ಪುಗೊಳಿಸಿದ್ದೆನು.

ಕೊಟ್ಟೂರಿನ ರಥೋತ್ಸವದ ಚಿತ್ರದ ಕಥೆ ಬೇರೆ. ಗುರು ಕೊಟ್ಟೂರೇಶ್ವರನ ತೇರಿನ ಮುಂದೆ ಬಿಸಿಲಿನಲ್ಲಿ ಹಾರುತ್ತಿದ್ದ ಕಾವಿಯ ಬಾವುಟವು ಪರದೆಯಲ್ಲಿ ಉರಿಯುವ ಕೆಂಡದಂತಿದ್ದುದು ಕಾಗದದಲ್ಲಿ ಒದ್ದೆ ಇಟ್ಟಿಗೆಯ ಬಣ್ಣಕ್ಕೆ ಇಳಿದಿತ್ತು. ಮಜೆಂಟಾ ಮತ್ತು ಹಳದಿಯ ಪುಡಿಗಳನ್ನು ಎಷ್ಟೇ ಬೆರೆಸಿದರೂ ಅವು ಕೊಡಬಲ್ಲ ಕಿತ್ತಳೆಗೆ ಒಂದು ಮೇರೆಯುಂಟು. ಪರದೆಯ ಕಿತ್ತಳೆ ಆ ಮೇರೆಯ ಆಚೆಗಿದೆ. ಉಜ್ವಲವಾದ ಹಸಿರು, ನೇರಳೆಗೆ ತಿರುಗಿದ ನೀಲಿ, ಇವುಗಳ ಗತಿಯೂ ಇದೇ. ಕೊಟ್ಟೂರಿನ ಅಕ್ಕನವರ ಮಗಳ ರೇಷ್ಮೆಸೀರೆ ನೀಲಿಹಸಿರಿನ ನವಿಲುಬಣ್ಣದ್ದಾಗಿತ್ತು. ಅದು ಮಂಕಾದುದಕ್ಕೆ ಲ್ಯಾಬಿನವರ ಅಲಕ್ಷ್ಯ ಕಾರಣವಾಗಿರಬೇಕಾದುದೇ ಇಲ್ಲ. ರೇಷ್ಮೆಯ ಹೊಳಪು ಬೆಳಕಿನದು, ಬಣ್ಣದ್ದಲ್ಲ. ಅದನ್ನು ಮಸಿಯಲ್ಲಿ ಅರೆದು ಹಚ್ಚಲು ಬಾರದು.

ಗ್ರಾಹಕರಿಂದ ನಾನು ಕೇಳಿದ ದೂರುಗಳಲ್ಲಿ ಬಣ್ಣದ ತರುವಾಯ ಹೆಚ್ಚಿನದು ಚಿತ್ರ ಕಲಸಿಹೋಯಿತೆಂಬುದು. ಇಲ್ಲಿ ತಪ್ಪು ಬಹುಮಟ್ಟಿಗೆ ನಮ್ಮದೇ. ಮದುವೆಯ ಆಲ್ಬಮಿನ ಎರಡು ಪುಟಗಳನ್ನು ಹರಡಿದರೆ 36 ಇಂಚು ಅಗಲ, 12 ಇಂಚು ಎತ್ತರ. ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಅದನ್ನು ತುಂಬಲು ಸುಮಾರು 3.9 ಕೋಟಿ ಚುಕ್ಕೆಗಳು ಬೇಕು. ವಾಟ್ಸಾಪಿನಲ್ಲಿ ಸಾಮಾನ್ಯ ಗುಣಮಟ್ಟದಲ್ಲಿ ಕಳುಹಿಸಿದ ಚಿತ್ರವೋ ಉದ್ದದ ಬದಿಗೆ 1600ರ ಆಸುಪಾಸಿಗೆ ಕುಗ್ಗಿರುತ್ತದೆ. ಅದು ಅಂದವಾಗಿ ಅಚ್ಚಾಗಬಲ್ಲ ಅಗಲ ಐದೂಕಾಲು ಇಂಚು ಮಾತ್ರ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ, 98.76 ಹೆಕ್ಟೇರಿನ ಆ ಪಕ್ಷಿಧಾಮ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ, ನನ್ನ ಮಿತ್ರರೊಬ್ಬರು ಅಲ್ಲಿಯ ಬಣ್ಣದ ಕೊಕ್ಕರೆಗಳ ಚಿತ್ರವನ್ನು ಸಂತೋಷದಿಂದ ಹಾಗೆ ಕಳುಹಿಸಿದ್ದರು, ನಾನೂ ಅದನ್ನು ಪುಟದ ತುಂಬ ಹಿಗ್ಗಿಸಿದೆನು. ಜಾಲಿಯ ಮರಗಳ ಮೇಲೆ ಗುಲಾಬಿ ಗರಿಯ ಹಕ್ಕಿಗಳಿಗೆ ಬದಲಾಗಿ ಗುಲಾಬಿಯ ಕಲೆಗಳು ಬಂದುವು. ಇಲ್ಲಿಂದ ಬಹುದೂರವಲ್ಲದ ಹಂಪೆಯಲ್ಲಿ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ಮೇಣ ಹಿಡಿಸಿದ ಕಾಗದದ ದೊಡ್ಡ ದೊಡ್ಡ ನೆಗೆಟಿವುಗಳಲ್ಲಿ ಗುಡಿಗಳನ್ನು ಚಿತ್ರಿಸಿದ್ದನು. ಆ ಕಾಲದ ರೀತಿಯಲ್ಲಿ ನೆಗೆಟಿವನ್ನು ಕಾಗದಕ್ಕೆ ತಾಗಿಸಿಯೇ ಪ್ರತಿ ತೆಗೆಯುತ್ತಿದ್ದುದರಿಂದ ನೆಗೆಟಿವಿನಷ್ಟೇ ಪ್ರತಿ. ಹಿಗ್ಗಿಸುವ ಮಾತೇ ಇರಲಿಲ್ಲ. ದೊಡ್ಡ ಚಿತ್ರ ಬೇಕಾದವನು ದೊಡ್ಡ ಪೆಟ್ಟಿಗೆಯನ್ನೇ ಹೊರಬೇಕಾಗಿತ್ತು.

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಲ್ಲಿ ಹತ್ತನೆಯ ಶತಮಾನದ ಕಲ್ಲೇಶ್ವರ ದೇವಾಲಯದ ಕಂಬಗಳು ನನ್ನ ಪುಸ್ತಕದಲ್ಲಿ ಕಂದುಬಣ್ಣಕ್ಕೆ ತಿರುಗಿದ್ದುವು. ಶುದ್ಧವಾದ ಬೂದುಬಣ್ಣವೇ ಮುದ್ರಣದಲ್ಲಿ ಅತ್ಯಂತ ದುಸ್ಸಾಧ್ಯವಾದುದು: ಮೂರು ಮಸಿಗಳನ್ನು ಸಮವಾಗಿ ಬೆರೆಸಿದರೆ ಬೂದುಬಣ್ಣವಲ್ಲ, ಕಂದು ಬರುವುದು, ಸಯಾನನ್ನು ಉಳಿದೆರಡಕ್ಕಿಂತ ಮಿಗಿಲಾಗಿ ಇಡಬೇಕು, ಆ ಸಮತೂಕ ನೂರಕ್ಕೆ ಎರಡು ಮೂರು ತಪ್ಪಿದರೂ ಕಣ್ಣು ಹಿಡಿದುಬಿಡುತ್ತದೆ. ಇನ್ನು ಹಡಗಲಿಯ ಮಲ್ಲಿಗೆ. ಅದರ ಬಿಳುಪನ್ನು ಯಾವ ಯಂತ್ರವೂ ಅಚ್ಚುಮಾಡುವುದಿಲ್ಲ. ಬರಿಯ ಕಾಗದವೇ ಅಲ್ಲಿ ಹೂವು. ಕಾಗದವನ್ನು ಬೆಳ್ಳಗೆ ಮಾಡಲು ಬೆರೆಸುವ ಹೊಳಪುಕಾರಕಗಳು ಬಿಸಿಲಿನ ಅತಿನೇರಳೆ ಕಿರಣಗಳನ್ನು ನುಂಗಿ ನೀಲಿಯಾಗಿ ಮಿನುಗುವುದರಿಂದ, ಅದೇ ಹೂವು ಅಂಗಳದಲ್ಲಿ ನೀಲಿಯಾಡಿದಂತೆಯೂ ಮನೆಯೊಳಗಣ ಬಲ್ಬಿನಡಿಯಲ್ಲಿ ಹಳದಿಗಟ್ಟಿದಂತೆಯೂ ತೋರುತ್ತದೆ.

ಬೈಂಡಿನ ವಿಷಯದಲ್ಲಿ ಎರಡು ಮಾತು ಸಾಕು. ಬೆನ್ನಿಗೆ ಅಂಟು ಹಾಕಿದ ಪುಸ್ತಕವು ಪೂರ್ತಿ ಬಿಚ್ಚಿಕೊಳ್ಳದು. ನಡುವಿಗೆ ಮುಖ ಬಾರದಂತೆ ಚಿತ್ರವನ್ನು ಜೋಡಿಸಬೇಕು, ಇಲ್ಲವಾದರೆ ಮನೆಯ ಅಜ್ಜಿ ಮಡಿಕೆಯಲ್ಲಿ ಮರೆಯಾಗುವಳು. ಕಾಗದದ ನಾರು ಬೆನ್ನಿಗೆ ಸಮಾನಾಂತರವಾಗಿ ಹರಿದಿರಬೇಕು. ಅಡ್ಡವಾದರೆ ನಮ್ಮ ಸೀಮೆಯ ಒಣಬೇಸಗೆ ಕಳೆದು ಮಳೆಗಾಲ ಬಂದಾಗ ಪುಟಗಳು ಅಲೆಯಲೆಯಾಗಿ ಏಳುವುವು.

ಮುದ್ರಣಾಲಯದಲ್ಲಿ ನಾನು ಕಲಿತ ಅತ್ಯಂತ ಉಪಯುಕ್ತವಾದ ಸಂಗತಿಯೆಂದರೆ ಯಂತ್ರಕ್ಕೂ ಒಂದು ಜಾತಕವಿರುವುದು. ನೂರಾರು ಬಣ್ಣದ ಚೌಕಗಳನ್ನು ಒಂದು ಕಾಗದದ ಮೇಲೆ ಅಚ್ಚುಮಾಡಿ, ಪ್ರತಿಯೊಂದನ್ನೂ ಮಾಪಕದಿಂದ ಅಳೆದು, ಈ ಯಂತ್ರವು ಈ ಕಾಗದದ ಮೇಲೆ ಯಾವ ಆದೇಶಕ್ಕೆ ಯಾವ ಬಣ್ಣ ಕೊಡುವುದೆಂಬ ಪಟ್ಟಿಯನ್ನು ಸಿದ್ಧಪಡಿಸಿರುತ್ತಾರೆ; ಅದಕ್ಕೆ ಪ್ರೊಫೈಲ್ ಎಂದು ಹೆಸರು. ಆ ಪಟ್ಟಿಯನ್ನು ಗಣಕಕ್ಕೆ ಹಾಕಿದರೆ, ಪುಸ್ತಕವು ಹೇಗೆ ಬಂದೀತೆಂಬುದರ ಛಾಯೆ ಪರದೆಯಲ್ಲಿಯೇ ಮುಂಚಿತವಾಗಿ ಕಾಣುವುದು. ಕೇಳಿದವರಿಗೆ ಅದನ್ನು ಕೊಡುವರು. ನಾನು ಮೊದಲ ಸಲ ಕೇಳಿರಲಿಲ್ಲ. ಈ ಸಲ ಪ್ರೊಫೈಲು ತಂದು, ಪರದೆಯ ಉಜ್ವಲತೆಯನ್ನು ತಗ್ಗಿಸಿ, ಕರಡಿಯ ನೆರಳನ್ನು ತಿಳಿಗೊಳಿಸಿ, ಕೊಕ್ಕರೆಗಳ ಮೂಲಚಿತ್ರವನ್ನು ಮಿತ್ರರಿಂದ ತರಿಸಿ, ಅದೇ ಕಾಗದದ ಮೇಲೆ ಅದೇ ಯಂತ್ರದಲ್ಲಿ ನಾಲ್ಕು ಪುಟಗಳ ಕರಡಚ್ಚು ತೆಗೆಸಿಕೊಂಡು ಊರಿಗೆ ಬಂದೆನು.

ಮರುದಿನ ಬೆಳಗ್ಗೆ ಒಂಬತ್ತರ ಹೊತ್ತಿಗೆ, ನೇರ ಬಿಸಿಲು ಬೀಳದ ಪಡಸಾಲೆಯಲ್ಲಿ ಪುಟಗಳನ್ನು ಹರಡಿ ಕುಳಿತಿದ್ದಾಗ, ನೆರೆಮನೆಯ ಹುಡುಗಿಯೊಬ್ಬಳು ಶಾಲೆಗೆ ಹೊರಟವಳು ಬಂದು ಬಗ್ಗಿ ನೋಡಿ, ನಾನು ಏನೂ ಹೇಳುವ ಮುನ್ನವೇ, "ಅಜ್ಜಾ, ಇದರ ಬೆನ್ನಮ್ಯಾಲೆ ಮರಿ ಕುಂತೈತಿ" ಎಂದಳು. ಬಾಗಳಿಯ ಕಂಬಗಳು ಕಲ್ಲಿನಂತೆ ಇದ್ದುವು. ತೇರಿನ ಬಾವುಟದ ಕಾವಿಯು ಮೊದಲಿಗಿಂತ ತುಸು ಮೇಲಾಗಿದ್ದರೂ ಆ ದಿನದ ಬಿಸಿಲಿನ ಕಾವಿಯಾಗಿರಲಿಲ್ಲ. ಅದನ್ನು ಹಾಗೆಯೇ ಇರಿಸಿ, ಉಳಿದ 24 ಪ್ರತಿಗಳಿಗೆ ಒಪ್ಪಿಗೆ ಬರೆದು ಕಳುಹಿಸಿದೆನು.