ಅರ್ಧಕ್ಕೆ ನಿಂತ ಡೌನ್‌ಲೋಡ್ ಮುಂದುವರಿಸುವುದು ಹೇಗೆ?

ನಂಜನಗೂಡಿನ ನಮ್ಮ ಮನೆಯಲ್ಲಿ ಇಂಟರ್ನೆಟ್ ಎಂದರೆ ಅಬ್ಬಾ ಅವರ ಮೊಬೈಲಿನ ಹಾಟ್‌ಸ್ಪಾಟ್. ಅವರು ಅಂಗಡಿಗೆ ಹೊರಟರೆ ಇಂಟರ್ನೆಟ್ಟೂ ಹೊರಡುತ್ತದೆ. ಕಳೆದ ತಿಂಗಳು ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟನ್ನು ಇಂಟರ್ನೆಟ್ ಆರ್ಕೈವ್‌ನಿಂದ ಇಳಿಸಿಕೊಳ್ಳಲು ಕುಳಿತೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರಕಟಿಸಿದ, 1,700ಕ್ಕೂ ಹೆಚ್ಚು ಪುಟಗಳ ಪುಸ್ತಕ ಅದು. ಸ್ಕ್ಯಾನ್ ಮಾಡಿದ ಫೈಲ್ ಸಣ್ಣದೇನಲ್ಲ. ಬ್ರೌಸರ್‌ನಲ್ಲಿ ಮೂರು ಸಲ ಮುಕ್ಕಾಲು ಭಾಗ ಬಂದು ನಿಂತಿತು, ಮೂರು ಸಲವೂ ಮತ್ತೆ ಸೊನ್ನೆಯಿಂದ ಶುರು. ಆ ದಿನದ ಡೇಟಾ ಪೂರ್ತಿ ಮುಗಿದು, ಅಂಗಡಿಗೆ ವಾಟ್ಸಾಪ್‌ನಲ್ಲಿ ಬರುವ ಆರ್ಡರ್‌ಗಳೂ ನಿಂತವು. ನನಗೆ ಸಿಕ್ಕ ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ.

ಆಮೇಲೆ ಕಲಿತದ್ದು ಕರ್ಲ್ ಎಂಬ ಕಮಾಂಡ್. ಇದರ ಹುಟ್ಟು ನಮ್ಮ ಕಾಮರ್ಸ್‌ನವರಿಗೆ ಇಷ್ಟವಾಗಬಹುದು: ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ವಿದೇಶಿ ಹಣದ ವಿನಿಮಯ ದರಗಳನ್ನು ವೆಬ್‌ನಿಂದ ತಾನಾಗಿಯೇ ತರಿಸಲು ಬಳಸುತ್ತಿದ್ದ ಚಿಕ್ಕ ಪ್ರೋಗ್ರಾಂ ಬೆಳೆದು, 1998ರಲ್ಲಿ ಕರ್ಲ್ ಎಂಬ ಹೆಸರು ಪಡೆಯಿತು. 2018ರಿಂದ ಇದು ವಿಂಡೋಸ್ 10ರ ಜೊತೆಗೇ ಬರುತ್ತಿದೆ. ವಿಂಡೋಸ್ 11ರಲ್ಲೂ ಇದೆ.

ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ ಸಿ, ಯು, ಆರ್, ಎಲ್ ಟೈಪ್ ಮಾಡಿ. ನಂತರ ಒಂದೊಂದರ ನಡುವೆ ಜಾಗ ಬಿಟ್ಟು ಹೈಫನ್ ಎಲ್, ಹೈಫನ್ ಓ, ಹೈಫನ್ ಸಿ, ಆಮೇಲೆ ಒಂಟಿ ಹೈಫನ್, ಕೊನೆಗೆ ಜೋಡಿ ಉದ್ಧರಣ ಚಿಹ್ನೆಯೊಳಗೆ ಫೈಲಿನ ವಿಳಾಸ. ಈ ಎಲ್, ಓ, ಸಿ ಮೂರೂ ದೊಡ್ಡ ಅಕ್ಷರಗಳೇ ಆಗಬೇಕು. ಓ ಎಂದರೆ ಫೈಲನ್ನು ಅದರ ಹೆಸರಿನಲ್ಲೇ ಉಳಿಸು ಎಂದು. ಎಲ್ ಎಂದರೆ ಸರ್ವರ್ ಬೇರೆ ವಿಳಾಸಕ್ಕೆ ಕಳಿಸಿದರೆ ಅಲ್ಲಿಗೆ ಹೋಗು ಎಂದು. ಆರ್ಕೈವ್ ಹಾಗೆ ಕಳಿಸುತ್ತದೆ. ನಾನು ಮೊದಲ ಸಲ ಎಲ್ ಮರೆತು, ತೆರೆಯಲಾಗದ ಪುಟಾಣಿ ಫೈಲ್ ಒಂದನ್ನು ಪಡೆದೆ.

ಮುಖ್ಯವಾದದ್ದು ಸಿ ಮತ್ತು ಅದರ ಪಕ್ಕದ ಒಂಟಿ ಹೈಫನ್. ಡಿಸ್ಕಿನಲ್ಲಿ ಈಗಾಗಲೇ ಎಷ್ಟು ಬೈಟ್ ಇದೆ ಎಂದು ಕರ್ಲ್ ತಾನೇ ನೋಡಿಕೊಂಡು, ಅದರ ಮುಂದಿನಿಂದ ಕೊಡು ಎಂದು ಸರ್ವರ್ ಅನ್ನು ಕೇಳುತ್ತದೆ. ಲೆಡ್ಜರಿನಲ್ಲಿ ಹಿಂದಿನ ಪುಟದ ಮೊತ್ತವನ್ನು ಮುಂದಿನ ಪುಟದ ತಲೆಗೆ ತರುತ್ತೇವಲ್ಲ, ಹಾಗೆ. ಸಂಪರ್ಕ ಕಡಿದರೆ ಅದೇ ಫೋಲ್ಡರಿನಲ್ಲಿದ್ದುಕೊಂಡು ಮೇಲಿನ ಬಾಣದ ಕೀ ಒತ್ತಿ, ಎಂಟರ್ ಒತ್ತಿದರಾಯಿತು. ಎಲ್ಲ ಸರ್ವರ್‌ಗಳೂ ಹೀಗೆ ನಡುವಿನಿಂದ ಕೊಡುವುದಿಲ್ಲ. ಕೊಡದಿದ್ದರೆ ಕರ್ಲ್ ಹಾಗೆಂದು ಹೇಳಿ ನಿಲ್ಲುತ್ತದೆ.

ನನ್ನ ನಿಘಂಟು ಎರಡು ದಿನ, ಐದು ಕಂತುಗಳಲ್ಲಿ ಬಂತು. ಹಿಂದೂಸ್ತಾನಿಯಿಂದ ಬಂದ ಪದಗಳಿಗೆ ಕಿಟೆಲ್ ಎಚ್ ಎಂಬ ಗುರುತು ಹಾಕಿದ್ದಾರೆ. ಮನೆಯಲ್ಲಿ ಉರ್ದು ಮಾತಾಡುವ ನನಗೆ ಅವನ್ನು ಹುಡುಕುವುದೇ ಈಗ ಆಟ. ಮೊದಲು ಹುಡುಕಿದ್ದು ‘ಬಾಕಿ’.