2.30 ಕೂಡಿಸು 1.20 ಎಷ್ಟು? ಗುಂಟೆ ಲೆಕ್ಕ ಮತ್ತು ಜಾವಾ

ಈ ಸಲ ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ.

ಧರಮಪೇಠದಲ್ಲಿ ಮನೆ, ಧಾರವಾಡದ ಕಡೆ ಹೊಲ ಇರುವ ಒಂದು ಕುಟುಂಬ ಅಂದುಕೊಳ್ಳಿ. ಉತಾರದಲ್ಲಿ ಒಂದು ಹೊಲ 2.30, ಇನ್ನೊಂದು 1.20. ಒಟ್ಟು ಎಷ್ಟು? ಮನೆಯ ಹಿರಿಯರು ತಟ್ಟನೆ ಹೇಳುತ್ತಾರೆ: ನಾಲ್ಕೆಕರೆ ಹತ್ತು ಗುಂಟೆ. ಕಂಪ್ಯೂಟರು ಹೇಳುವುದು 3.50! ಅದನ್ನು ಮೂರೂವರೆ ಎಕರೆ ಎಂದು ಓದಿ ಅಣ್ಣತಮ್ಮಂದಿರು ಪಾಲು ಮಾಡಿಕೊಂಡರೆ 30 ಗುಂಟೆ, ಅಂದರೆ 32,670 ಚದರ ಅಡಿ, ಕಾಗದದಿಂದಲೇ ಮಾಯ.

ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ನಾವು ಚುಕ್ಕಿ ಇಡುವುದು ಎಕರೆ-ಗುಂಟೆ ಬೇರೆ ಮಾಡಲು. ಕಂಪ್ಯೂಟರು ಅದನ್ನು ದಶಮಾಂಶ ಎಂದುಕೊಳ್ಳುತ್ತದೆ. 2.30ರ ಕೊನೆಯ ಸೊನ್ನೆ ಬಿದ್ದು 2.3 ಆಯಿತೆಂದರೆ ಮೂವತ್ತು ಗುಂಟೆ ಮೂರಾಗಿ ಕಾಣುತ್ತದೆ. ಇತ್ತ ಮಹಾರಾಷ್ಟ್ರದ ಸಾತಬಾರಾದಲ್ಲಿ 1.20 ಎಂದರೆ 1 ಹೆಕ್ಟೇರ್ 20 ಆರ್, ಮೂರು ಎಕರೆಗೆ ಸ್ವಲ್ಪವೇ ಕಡಿಮೆ. ನಮ್ಮ ಉತಾರದ 1.20 ಬರೀ ಒಂದೂವರೆ ಎಕರೆ!

ಒಂದೆರಡು ಹೊಲಕ್ಕೆ ಕೈಲೆಕ್ಕ ಸಾಕು. ಸಾವಿರಾರು ದಾಖಲೆ ಇದ್ದಾಗ ವರ್ಕ್‌ಫ್ಲೋ ತಂತ್ರಾಂಶ ಬೇಕಾಗುತ್ತದೆ. ಅಂಥದ್ದೊಂದು ನೈಮ್. ಜರ್ಮನಿಯ ಕಾನ್‌ಸ್ಟಾಂಜ್ ವಿಶ್ವವಿದ್ಯಾಲಯದಲ್ಲಿ 2004ರಲ್ಲಿ ಕೆಲಸ ಶುರುವಾಗಿ 2006ರಲ್ಲಿ ಹೊರಬಂತು, ಉಚಿತವಾಗಿ ಸಿಗುತ್ತದೆ. ಪರದೆಯ ಮೇಲೆ ಪೆಟ್ಟಿಗೆಗಳು, ನಡುವೆ ಗೆರೆಗಳು. ಒಂದು ಪೆಟ್ಟಿಗೆ ಫೈಲು ಓದುತ್ತದೆ, ಮುಂದಿನದು ಸೋಸುತ್ತದೆ, ಅದರ ಮುಂದಿನದು ಕೂಡಿಸುತ್ತದೆ. ನಮಗೆ ಬೇಕಾದ ಹೊಸ ಪೆಟ್ಟಿಗೆಯನ್ನು ಜಾವಾದಲ್ಲಿ ಬರೆದು ಪ್ಲಗಿನ್ ಆಗಿ ಸೇರಿಸಬಹುದು.

ಪೂರ್ಣಾಂಕ, ದಶಮಾಂಶ, ಅಕ್ಷರ: ಈ ಜಾತಿಗಳು ಅದಕ್ಕೆ ಮೊದಲೇ ಗೊತ್ತು. 'ಎಕರೆ-ಗುಂಟೆ' ಎಂಬ ಹೊಸ ಜಾತಿಯನ್ನು ನಾವೇ ಕಲಿಸಬೇಕು. ಅದಕ್ಕೆ 'ಡೇಟಾಸೆಲ್' ಎಂಬ ಮೂಲ ಕ್ಲಾಸಿನಿಂದ ನಮ್ಮದೊಂದು ಕ್ಲಾಸ್ ಮಾಡುತ್ತೇವೆ. ಒಳಗೆ ಇಡುವುದು ಒಂದೇ ಪೂರ್ಣಾಂಕ, ಒಟ್ಟು ಆಣೆ. 2.30 ಎಂದರೆ 1,760 ಆಣೆ, 1.20 ಎಂದರೆ 960. ಕೂಡಿದರೆ 2,720, ಅಂದರೆ ನಾಲ್ಕೆಕರೆ ಹತ್ತು ಗುಂಟೆ. ಹಿರಿಯರ ಲೆಕ್ಕವೇ ಬಂತಲ್ಲ!

ಇನ್ನು ನಾಲ್ಕು ಮಾತು ಹೇಳಿಕೊಡಬೇಕು. ಎರಡು ಬೆಲೆ ಸಮ ಎನ್ನುವುದು ಯಾವಾಗ? ದೊಡ್ಡದು ಚಿಕ್ಕದು ಹೇಗೆ? (ಅಕ್ಷರವಾಗಿ ಜೋಡಿಸಿದರೆ 10.05 ಬಂದು 2.30ರ ಮುಂದೆ ಕೂರುತ್ತದೆ.) ಪರದೆಯ ಮೇಲೆ ಹೇಗೆ ತೋರಿಸಬೇಕು? ಡಿಸ್ಕಿಗೆ ಬರೆದು ಮತ್ತೆ ಓದುವುದು ಹೇಗೆ? ಒಮ್ಮೆ ಹುಟ್ಟಿದ ಸೆಲ್ ಬದಲಾಗಬಾರದು. ತಿದ್ದಬೇಕಾದರೆ ಹೊಸದನ್ನೇ ಮಾಡಬೇಕು.

ಎರಡು ಎಚ್ಚರಿಕೆ. ಫೈಲು ಪಡೆದವರ ಕಂಪ್ಯೂಟರಿನಲ್ಲೂ ಪ್ಲಗಿನ್ ಇರಬೇಕು. ಇಲ್ಲದಿದ್ದರೆ ನಮ್ಮ ಜಾತಿ ಅಲ್ಲಿ ಅಪರಿಚಿತ. ಹಳೆಯ ಪೆಟ್ಟಿಗೆಗಳಿಗೆಂದು ದಶಮಾಂಶ ಕೊಟ್ಟರೆ ಕಾಲಮ್ಮಿನ ಹೆಸರಿನಲ್ಲೇ 'ದಶಮಾಂಶ ಎಕರೆ' ಎಂದು ಬರೆಯಿರಿ. ಆಗ ನಾಲ್ಕೆಕರೆ ಹತ್ತು ಗುಂಟೆ 4.25 ಆಗುತ್ತದೆ, ನೋಡಿದವರು ಇಪ್ಪತ್ತೈದು ಗುಂಟೆ ಎಂದುಕೊಂಡಾರು!

ಪ್ರೋಗ್ರಾಂ ಬರೆಯದವರಿಗೂ ಒಂದು ಮಾತು. ಹೊಲದ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕುವಾಗ ಎಕರೆಗೆ ಒಂದು ಕಾಲಮ್, ಗುಂಟೆಗೆ ಇನ್ನೊಂದು, ಆಣೆಗೆ ಮತ್ತೊಂದು ಇಡಿ. ಪಾಲು ಬರೆಯುವ ಮುಂಚೆ ಮನೆಯ ಹಿರಿಯರಿಂದ ಒಮ್ಮೆ ಬಾಯಿಲೆಕ್ಕ ಮಾಡಿಸಿ.